ಅವ್ವನ ಹರಕೆ, ಮಗನ ಕರೆ

ಪ್ರಶ್ನೆ: ನನಗೆ 27 ವರ್ಷ. ಬಿ.ಕಾಂ. ಮುಗಿಸಿ ಹುಬ್ಬಳ್ಳಿಯ ಒಂದು ಫೈನಾನ್ಸ್ ಕಂಪನಿಯಲ್ಲಿ ಸಾಲ ವಸೂಲಿ ಕೆಲಸದಲ್ಲಿದ್ದೇನೆ. ನಮ್ಮೂರು ಗದಗದ ಹತ್ತಿರ, ನಾವು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು, ಅಂದರೆ ಪ್ರಾಟೆಸ್ಟೆಂಟ್ ಕ್ರೈಸ್ತರು. ನಾನು ಮೂರು ವರ್ಷದವನಿದ್ದಾಗ ಮೆದುಳು ಜ್ವರ ಬಂದಿತ್ತಂತೆ. ಉಳಿಯುವುದು ಕಷ್ಟ ಅಂದಾಗ ಅವ್ವ ಬೈಬಲಿನ ಹನ್ನಳ ಹಾಗೆ ಹರಕೆ ಹೊತ್ತಳು: ಮಗ ಬದುಕಿದರೆ ದೇವರ ಸೇವೆಗೆ ಕೊಡುತ್ತೇನೆ ಅಂತ. ಹೋದ ವರ್ಷ ಯುವಜನರ ಶಿಬಿರದಲ್ಲಿ ಬೋಧಕರು "ಸೇವೆಗೆ ಕರೆ ಬಂದವರು ಎದ್ದು ನಿಲ್ಲಿ" ಅಂದಾಗ ನಾನು ಅಳುತ್ತಾ ಎದ್ದು ನಿಂತೆ. ಈಗ ಅವ್ವ ಸೆಮಿನರಿಗೆ (ಸಭಾಪಾಲಕರಾಗಲು ಓದುವ ಕಾಲೇಜಿಗೆ) ಹೋಗು ಅಂತ ದಿನಾ ಹೇಳುತ್ತಾಳೆ. ಅಪ್ಪ ನಿವೃತ್ತರು, ಮನೆ ನಡೆಯುವುದು ನನ್ನ ಸಂಬಳದಲ್ಲಿ. ತಂಗಿಯ ಮದುವೆ ಆಗಬೇಕು. ಆರು ವರ್ಷದಿಂದ ನಮ್ಮ ಸಂಡೇ ಸ್ಕೂಲ್ ನಡೆಸುತ್ತಿರುವುದು ಅವಳೇ. ಸಭಾಪಾಲಕರನ್ನು ಕೇಳಿದರೆ "ಸ್ವಲ್ಪ ಕಾಯಪ್ಪಾ" ಅಂತಾರೆ. ಅವತ್ತಿನ ಅಳು ನಿಜವಾದ ಕರೆಯೋ, ಸುಮ್ನೆ ಆ ಹೊತ್ತಿನ ಆವೇಶವೋ? ಹರಕೆ ತೀರಿಸದಿದ್ದರೆ ತಪ್ಪಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನನ್ನ ಕಣ್ಣು ನಿಂತಿದ್ದು ನಿಮ್ಮ ಕೆಲಸದ ಮೇಲೆ. ಸಾಲ ವಸೂಲಿ. ಕಂತು ಕಟ್ಟದವರ ಬಾಗಿಲು ತಟ್ಟುವ ಕೆಲಸ. ಅದರ ಬಗ್ಗೆ ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ, ಅದಕ್ಕೂ ದೇವರ ಕರೆಗೂ ಏನೂ ಸಂಬಂಧ ಇಲ್ಲ ಅನ್ನೋ ಹಾಗೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಅಳುವಿನ ಮಾತು. ನಾನು ಮೂವತ್ತು ಚಿಲ್ಲರೆ ವರ್ಷ ಸಭಾಪಾಲಕನಾಗಿದ್ದವನು. ನಡುವೆ ಕೆಲವು ವರ್ಷ ಸೇವೆಗೆ ಬರುವವರನ್ನು ಆರಿಸುವ ಸಮಿತಿಯಲ್ಲೂ ಕೂತಿದ್ದೇನೆ. ಶಿಬಿರದ ಕೊನೇ ರಾತ್ರಿ ಹೇಗಿರುತ್ತದೆ ಅಂತ ಗೊತ್ತು. ಮೂರು ದಿನ ನಿದ್ದೆ ಇರುವುದಿಲ್ಲ. ದೀಪ ಸಣ್ಣ ಮಾಡಿರುತ್ತಾರೆ. ಕೀಬೋರ್ಡಿನವನು ಒಂದೇ ರಾಗ ಹಿಡಿದುಕೊಂಡು ಬಿಡುವುದೇ ಇಲ್ಲ. ಪಕ್ಕದವನು ಎದ್ದರೆ ನಮ್ಮ ಕಾಲೂ ಎದ್ದೇಳುತ್ತದೆ. ಹಾಗಂತ ನಿಮ್ಮ ಕಣ್ಣೀರು ಸುಳ್ಳು ಅನ್ನುವುದಿಲ್ಲ. ದೇವರು ಮನುಷ್ಯರನ್ನು ಕರೆಯುವಾಗ ಕೀಬೋರ್ಡಿನವನನ್ನು ಹೊರಗೆ ಕಳಿಸಿ ಆಮೇಲೆ ಕರೆಯುತ್ತಾನೆ ಅಂತ ಎಲ್ಲೂ ಬರೆದಿಲ್ಲ.

ಪ್ರಾಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಜರ್ಮನಿಯ ಮಾರ್ಟಿನ್ ಲೂಥರ್ ಕಥೆ ನಿಮಗೆ ಗೊತ್ತಿರಬಹುದು. 1505ರ ಜುಲೈ 2. ಕಾನೂನು ಓದುತ್ತಿದ್ದ 21ರ ಹುಡುಗ ಎರ್‌ಫುರ್ಟ್‌ಗೆ ವಾಪಸ್ ಹೋಗುತ್ತಿದ್ದ. ದಾರಿಯಲ್ಲಿ ಸಿಡಿಲು ಪಕ್ಕದಲ್ಲೇ ಬಡಿಯಿತು. ಹೆದರಿ ನೆಲಕ್ಕೆ ಬಿದ್ದು, ಉಳಿಸಿದರೆ ಸನ್ಯಾಸಿ ಆಗುತ್ತೇನೆ ಅಂತ ಸಂತ ಅನ್ನಳಿಗೆ ಹರಕೆ ಹೊತ್ತ. ಹದಿನೈದೇ ದಿನಕ್ಕೆ ಮಠ ಸೇರಿಯೂಬಿಟ್ಟ. ಮಗ ವಕೀಲನಾಗಲಿ ಅಂತ ದುಡ್ಡು ಸುರಿದಿದ್ದ ಅಪ್ಪನಿಗೆ ಸಿಟ್ಟೋ ಸಿಟ್ಟು. 1507ರಲ್ಲಿ ಮಗ ಮೊದಲ ಸಲ ಬಲಿಪೂಜೆ ಅರ್ಪಿಸಿದ ದಿನ, ಎಲ್ಲರೂ ಊಟಕ್ಕೆ ಕೂತಿದ್ದಾಗ, ಆ ಸಿಡಿಲು ಸೈತಾನನ ಆಟ ಆಗಿರದಿದ್ದರೆ ಸಾಕು ಅಂದುಬಿಟ್ಟ. ಮುಂದೆ 1521ರಲ್ಲಿ ಇದೇ ಲೂಥರ್ ಮಠದ ಹರಕೆಗಳ ವಿರುದ್ಧ ಒಂದು ಪುಸ್ತಕವನ್ನೇ ಬರೆದು ಅದನ್ನು ಅಪ್ಪನಿಗೆ ಅರ್ಪಿಸಿದರು. ಹೆದರಿಕೆಯಲ್ಲಿ ಹೊತ್ತ ಹರಕೆ ಅಂತ ಅವರೇ ಒಪ್ಪಿಕೊಂಡರು. ಆದರೂ ಅದೇ ಮಠದ ಓದು ಇಲ್ಲದಿದ್ದರೆ ಮುಂದಿನ ಲೂಥರ್ ಇರುತ್ತಿದ್ದರಾ? ಸಿಡಿಲು ಅವರನ್ನು ಬಾಗಿಲ ತನಕ ತಂದಿತು, ಅಷ್ಟೆ. ಬೋಧಕ ಆಗಬೇಕು ಅನ್ನುವುದು ಕೂಡ ಅವರ ಸ್ವಂತ ತೀರ್ಮಾನ ಅಲ್ಲ. ಮಠದ ಹಿರಿಯರು ಹೇಳಿ, ಒತ್ತಾಯ ಮಾಡಿ ಓದಿಸಿದ್ದು.

ಇನ್ನು ಅವ್ವನ ಹರಕೆ. ಇದನ್ನು ಹಗುರವಾಗಿ ಮಾತಾಡಲು ನನಗೆ ಮನಸ್ಸಿಲ್ಲ. ಮೂರು ವರ್ಷದ ಮಗು ಜ್ವರದಲ್ಲಿ ಸುಡುತ್ತಿರುವಾಗ ತಾಯಿ ಏನು ಬೇಕಾದರೂ ಕೊಡುತ್ತೇನೆ ಅನ್ನುತ್ತಾಳೆ. ಮಕ್ಕಳಿಲ್ಲದ ಹನ್ನಳೂ, ಮಗ ಹುಟ್ಟಿದರೆ ದೇವರಿಗೇ ಕೊಡುತ್ತೇನೆ ಅಂತ ಹಾಗೇ ಅಂದಳು. ಆದರೆ ಆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಹನ್ನಳು ಮಗ ಸಮುವೇಲನನ್ನು ಶೀಲೋವಿನ ಆಲಯಕ್ಕೆ ತಂದು ಬಿಟ್ಟಳು, ಅಲ್ಲಿಗೆ ಅವಳ ಮಾತು ತೀರಿತು. ಸಮುವೇಲನಿಗೆ ಕರೆ ಬಂದದ್ದು ಬೇರೆ ದಿನ, ಬೇರೆ ರಾತ್ರಿ. ಅದು ಅವನ ಹೆಸರು ಹಿಡಿದು ಬಂತು. ಹರಕೆ ತಾಯಿಯದು, ಕರೆ ಮಗನದು. ನಿಮ್ಮ ಅವ್ವ ನಿಮ್ಮನ್ನು ದೀಕ್ಷಾಸ್ನಾನಕ್ಕೆ ತಂದು, ಭಾನುವಾರ ತಪ್ಪದೆ ಆಲಯಕ್ಕೆ ಕರೆದುಕೊಂಡು ಹೋಗಿ, ಪ್ರಾರ್ಥನೆ ಕಲಿಸಿ ಬೆಳೆಸಿದ್ದಾಳೆ ಅಂತ ನಿಮ್ಮ ಪತ್ರ ನೋಡಿದರೇ ಗೊತ್ತಾಗುತ್ತದೆ. ನನ್ನ ಲೆಕ್ಕದಲ್ಲಿ ಅವಳು ಹರಕೆ ತೀರಿಸಿ ಆಗಿದೆ. ಇದನ್ನು ಅವಳಿಗೆ ನೀವು ಹೇಳಬೇಡಿ, ಜಗಳ ಆಗುತ್ತದೆ. ಸಭಾಪಾಲಕರ ಬಾಯಿಂದ ಹೇಳಿಸಿ.

ಆ ರಾತ್ರಿಯ ಇನ್ನೊಂದು ವಿಷಯ ನೋಡಿ. ಸಮುವೇಲ ಮೂರು ಸಲ ಎದ್ದು ಆಲಯದ ಯಾಜಕ ಏಲಿಯ ಹತ್ತಿರ ಓಡುತ್ತಾನೆ. "ಕರೆದಿರಲ್ಲಾ" ಅನ್ನುತ್ತಾನೆ. ಏಲಿ ಎರಡು ಸಲ "ಕರೆದಿಲ್ಲ, ಹೋಗಿ ಮಲಗು" ಅನ್ನುತ್ತಾನೆ. ಮೂರನೇ ಸಲ ಇದು ದೇವರ ದನಿ ಅಂತ ಗೊತ್ತಾಗಿದ್ದು ಏಲಿಗೆ. ಹುಡುಗನಿಗಲ್ಲ. ಏಲಿ ಎಂಥವನು? ಕಣ್ಣು ಮಂಜಾದವನು, ಸ್ವಂತ ಮಕ್ಕಳನ್ನೇ ಹದ್ದುಬಸ್ತಿನಲ್ಲಿಡದವನು. ಅಂಥವನ ಕಿವಿಯೂ ಬೇಕಾಯಿತು. ಕರೆ ಅನ್ನುವುದು ಒಬ್ಬನ ಎದೆಯಲ್ಲೇ ಹುಟ್ಟಿ ಅಲ್ಲೇ ತೀರ್ಮಾನ ಆಗುವುದಲ್ಲ. ಇನ್ನೊಬ್ಬರ ಕಿವಿಗೂ ಬೀಳಬೇಕು. ಅಂತಿಯೋಕ್ಯ ಪಟ್ಟಣದಲ್ಲಿ ಬಾರ್ನಬ, ಸೌಲ (ಮುಂದೆ ಪೌಲ ಅನ್ನಿಸಿಕೊಂಡವನು) ಇಬ್ಬರನ್ನು ಸೇವೆಗೆ ಬೇರೆ ಮಾಡಿ ಕಳಿಸಿ ಅಂತ ಪವಿತ್ರಾತ್ಮನು ಹೇಳಿದ್ದೂ ಉಪವಾಸ, ಪ್ರಾರ್ಥನೆಯಲ್ಲಿ ಸೇರಿದ್ದ ಸಭೆಗೆ.

ಸಭಾಪಾಲಕರಾಗುವವರಿಗೆ ದೀಕ್ಷೆ ಕೊಡುವ ನಮ್ಮ ಆರಾಧನೆಯಲ್ಲಿ ಇದು ಈಗಲೂ ಉಳಿದಿದೆ. ಬಿಷಪ್ ಕೈ ಇಡುವ ಮುಂಚೆ ಅಭ್ಯರ್ಥಿಗೆ, ನೀನು ನಿಜವಾಗಿ ಕರೆಯಲ್ಪಟ್ಟಿದ್ದೀಯಾ ಅಂತ ಕೇಳುತ್ತಾರೆ. ಅಷ್ಟೇ ಅಲ್ಲ, ಕೂತ ಜನರ ಕಡೆಗೂ ತಿರುಗಿ, ಇವರು ಯೋಗ್ಯರು ಅಂತ ನಂಬುತ್ತೀರಾ ಅಂತ ಕೇಳುತ್ತಾರೆ. ಜನ ಹೌದು ಅನ್ನಬೇಕು. ಮುಂದಿನ ಸಲ ದೀಕ್ಷೆ ನಡೆದಾಗ ಹೋಗಿ ಹಿಂದೆ ಕೂತು ನೋಡಿ. ಹೆಚ್ಚಿನವರು ಪುಸ್ತಕ ನೋಡಿ ಓದಿ ಮುಗಿಸುತ್ತಾರೆ, ನಿಜ. ಆದರೂ ಆ ಪ್ರಶ್ನೆ ಅಲ್ಲಿ ಇಟ್ಟಿದ್ದು ಸುಮ್ಮನೆ ಅಲ್ಲ.

ಹಾಗಾಗಿ ನಿಮ್ಮ ಸಭಾಪಾಲಕರ "ಸ್ವಲ್ಪ ಕಾಯಪ್ಪಾ" ಏಲಿಯ "ಹೋಗಿ ಮಲಗು" ಇರಬಹುದು. ಅಥವಾ ಸುಮ್ನೆ ಜಾರಿಕೊಳ್ಳುವ ಮಾತೂ ಇರಬಹುದು. ನಮ್ಮಲ್ಲಿ ಅದೂ ಉಂಟು. ಅವರ ಮನೆಗೆ ಹೋಗಿ, ಚಹಾ ಕುಡಿದು, ನೇರ ಕೇಳಿ: "ಅಯ್ಯನವರೇ, ಎಲ್ಲಿಯ ತನಕ ಕಾಯಲಿ? ನನ್ನಲ್ಲಿ ಏನು ಕಡಿಮೆ ಕಂಡಿತು?" ಎರಡನೇ ಪ್ರಶ್ನೆ ಕೇಳಲು ಎದೆಗಾರಿಕೆ ಬೇಕು. ಕೇಳಿ.

ಕಾಯುವುದು ಅವಮಾನ ಏನಲ್ಲ. ಮಂಗಳೂರಿನ ಆನಂದರಾವ್ ಕೌಂಡಿನ್ಯರ ವಿಷಯ ನೆನಪಿಗೆ ಬರುತ್ತಿದೆ. ಸಾರಸ್ವತ ಬ್ರಾಹ್ಮಣ ಮನೆತನದ ಹುಡುಗ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಹತ್ತಿರ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಮಂಗಳೂರಲ್ಲಿ ದೊಡ್ಡ ಗಲಾಟೆಯೇ ಆಯಿತು. ಅಷ್ಟೆಲ್ಲ ಕಳೆದುಕೊಂಡು ಬಂದ ಹುಡುಗನಿಗೆ ಮರುದಿನವೇ ನಿಲುವಂಗಿ ಹಾಕಿ ಪ್ರಸಂಗಪೀಠ ಹತ್ತಿಸಬಹುದಿತ್ತು, ಜನ ಸೇರುತ್ತಿದ್ದರು. ಹಾಗೆ ಮಾಡಲಿಲ್ಲ. 1846ರಲ್ಲಿ ಬಾಸೆಲ್‌ಗೆ ಓದಲು ಕಳಿಸಿದರು. ಗುರುದೀಕ್ಷೆ ಆದದ್ದು 1851ರಲ್ಲಿ. ಆಮೇಲೆ ವಾಪಸ್ ಬಂದು ಮಂಗಳೂರಿನ ಸೆಮಿನರಿಯಲ್ಲಿ ಪಾಠ ಹೇಳಿದರು. ನಡುವೆ ಏಳು ವರ್ಷ. ಹೊಸದಾಗಿ ನಂಬಿದವನನ್ನು ತಕ್ಷಣ ಸಭೆಯ ಮೇಲೆ ಇಡಬೇಡ, ಉಬ್ಬಿಬಿಟ್ಟಾನು ಅಂತ ಶಿಷ್ಯ ತಿಮೊಥೆಗೆ ಪೌಲ ಬರೆದದ್ದೂ ಇದಕ್ಕೇ. ಕಥೋಲಿಕ ಸಭೆಯಲ್ಲಂತೂ ಇವತ್ತಿಗೂ ತತ್ವಶಾಸ್ತ್ರ, ದೇವಶಾಸ್ತ್ರ ಅಂತ ಏಳೆಂಟು ವರ್ಷ ಓದಿಸಿ, ನೋಡಿ, ಆಮೇಲೇ ಗುರುಗಳನ್ನಾಗಿ ಮಾಡುತ್ತಾರೆ.

ಸಮಿತಿಯಲ್ಲಿದ್ದಾಗ ನಾನೇ ಮಾಡಿದ ಒಂದು ತಪ್ಪು ಹೇಳುತ್ತೇನೆ. ಒಬ್ಬ ಹುಡುಗ ಬಂದಿದ್ದ. ಸಾಕ್ಷಿ ಹೇಳಿದರೆ ಸಮಿತಿಯವರ ಕಣ್ಣಲ್ಲೂ ನೀರು. ಪ್ರಾರ್ಥನೆ ಮಾಡಿದರೆ ಕೋಣೆ ಸ್ತಬ್ಧ. ನಾನು ಅವನಿಗೆ ಎಲ್ಲರಿಗಿಂತ ಜಾಸ್ತಿ ಅಂಕ ಕೊಟ್ಟೆ. ನೀನು ಯಾವ ಕಾಯಿಲೆಯವರ ಮನೆಗೆ ಹೋಗಿ ಬಂದಿದ್ದೀಯಾ, ಊರ ಸಭೆಯಲ್ಲಿ ಯಾರ ಜೊತೆ ಜಗಳ ಬಿಡಿಸಿದ್ದೀಯಾ ಅಂತ ಕೇಳಲೇ ಇಲ್ಲ. ಓದು ಮುಗಿಸಿ ಬಂದ. ಇನ್ನೂರು ಜನರ ಮುಂದೆ ಮಾತಾಡಲು ಬರುತ್ತಿತ್ತು, ಒಬ್ಬರ ಪಕ್ಕ ಸುಮ್ಮನೆ ಕೂರಲು ಆಗುತ್ತಿರಲಿಲ್ಲ. ಮೂರು ವರ್ಷಕ್ಕೆ ಬಿಟ್ಟುಹೋದ. ಈಗ ಬೇರೆ ಕೆಲಸದಲ್ಲಿ ಚೆನ್ನಾಗಿದ್ದಾನೆ, ಹೆಂಡತಿ ಮಕ್ಕಳು ಸುಖವಾಗಿದ್ದಾರೆ. ಒಂದು ಮದುವೆಯಲ್ಲಿ ಸಿಕ್ಕಾಗ ಕೈ ಹಿಡಿದುಕೊಂಡು, "ಅಯ್ಯನವರೇ, ಅವತ್ತೇ ನೀವು ಬೇಡ ಅಂದಿದ್ದರೆ ನನ್ನ ಏಳು ವರ್ಷ ಉಳಿಯುತ್ತಿತ್ತು" ಅಂದ. ಸಿಟ್ಟಿರಲಿಲ್ಲ ಅವನಿಗೆ. ಅದೇ ನನಗೆ ಜಾಸ್ತಿ ಚುಚ್ಚಿತು.

ಈ ಕೆಲಸದ ಬಗ್ಗೆ ಪೀಠದ ಮೇಲೆ ಕಾಣದ್ದನ್ನೂ ಕೇಳಿ. ಪ್ರಸಂಗ ವಾರಕ್ಕೆ ಇಪ್ಪತ್ತು ನಿಮಿಷ. ಉಳಿದದ್ದು ಆಲಯದ ಸೋರುವ ಸೂರು, ಸ್ಮಶಾನದ ಗೋಡೆಯ ತಕರಾರು, ಲೆಕ್ಕಪತ್ರ, ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಪೈಪೋಟಿಗೆ ಬಿದ್ದು ಎರಡು ವರ್ಷ ಮಾತು ಬಿಟ್ಟ ಇಬ್ಬರು ಹಿರಿಯರು. ನಾಲ್ಕೈದು ವರ್ಷಕ್ಕೊಮ್ಮೆ ವರ್ಗಾವಣೆ, ಮಕ್ಕಳ ಶಾಲೆ ಬದಲು. ರಾತ್ರಿ ಎರಡೂವರೆಗೆ ಫೋನ್ ಬಂದರೆ ಯಾರೋ ತೀರಿಕೊಂಡಿದ್ದಾರೆ. ಬೆಳಗ್ಗೆ ಸಮಾಧಿ, ಸಂಜೆ ಇನ್ನೊಂದು ಮನೆಯಲ್ಲಿ ಮಗುವಿನ ಹುಟ್ಟುಹಬ್ಬದ ಪ್ರಾರ್ಥನೆ. ಎರಡೂ ಕಡೆ ನಿಮ್ಮ ಮುಖ ಸರಿ ಇರಬೇಕು.

ಒಂದು ಹಳ್ಳಿ ಸಭೆಯಲ್ಲಿದ್ದಾಗ ಹಾಸಿಗೆ ಹಿಡಿದ ಒಬ್ಬ ಅಜ್ಜಿ ಇದ್ದರು. ಮಗನ ಹೆಸರೂ ಮರೆತುಹೋಗಿತ್ತು. ಬುಧವಾರ ಸಂಜೆ ಅವರ ಮನೆಗೆ ಹೋಗುತ್ತಿದ್ದೆ. ಪ್ರತಿ ಸಲ "ಯಾರಪ್ಪಾ ನೀನು?" ಅನ್ನುತ್ತಿದ್ದರು. ನಾನು 23ನೇ ಕೀರ್ತನೆ ತೆಗೆದು "ಯೆಹೋವನು ನನಗೆ ಕುರುಬನು" ಅಂತ ಹೇಳಿ ನಿಲ್ಲಿಸುತ್ತಿದ್ದೆ. ಕಣ್ಣು ಮುಚ್ಚಿಕೊಂಡೇ "ಕೊರತೆಪಡೆನು" ಅಂತ ಮುಂದುವರಿಸುತ್ತಿದ್ದರು. ಕೊನೆಯ ತನಕ ಒಂದು ಪದ ತಪ್ಪುತ್ತಿರಲಿಲ್ಲ. ಮುಗಿಸಿ, ಕಣ್ಣು ತೆರೆದು, ಮತ್ತೆ "ಯಾರಪ್ಪಾ ನೀನು?" ಒಂದೂವರೆ ವರ್ಷ ಹೀಗೇ ನಡೆಯಿತು. ವಾರ್ಷಿಕ ವರದಿಯಲ್ಲಿ ಇದು ಮನೆ ಭೇಟಿಯ ಅಂಕಿಯೊಳಗೆ ಸೇರಿಹೋಯಿತು. ನಿಮಗೆ ಈ ಕೆಲಸ ಬೇಕಾ ಅಂತ ಕೇಳಿಕೊಳ್ಳಿ. ಶಿಬಿರದ ಬೋಧಕರ ಕೆಲಸ ಬೇರೆ, ಅವರು ಮರುದಿನ ಬಸ್ ಹತ್ತಿ ಹೋದರು.

ಈಗ ನಿಮ್ಮ ಕೆಲಸಕ್ಕೆ ಬರೋಣ. ಕಂತು ಕಟ್ಟಲಾಗದ ಹೆಂಗಸು ಬಾಗಿಲು ಅರ್ಧ ತೆರೆದು ನಿಂತಾಗ ನೀವು ಹೇಗೆ ಮಾತಾಡುತ್ತೀರಿ? ಓಣಿಯವರಿಗೆ ಕೇಳಲಿ ಅಂತ ದನಿ ಎತ್ತುತ್ತೀರಾ? ಅಥವಾ ಒಳಗೆ ಕರೆದು, ಎಷ್ಟು ಆಗುತ್ತದೆ ನೋಡೋಣ ಅನ್ನುತ್ತೀರಾ? ಮೇಲಿನವರು ಟಾರ್ಗೆಟ್ ಅಂತ ಒತ್ತಿದಾಗ ಏನು ಮಾಡುತ್ತೀರಿ? ಸಭೆಗೆ ಹಿರಿಯನಾಗುವವನು ಹೊರಗಿನವರಿಂದಲೂ ಒಳ್ಳೇ ಹೆಸರು ಪಡೆದಿರಬೇಕು ಅಂತ ಪೌಲನ ಪಟ್ಟಿಯಲ್ಲಿದೆ. ನಿಮ್ಮ ಮಟ್ಟಿಗೆ ಆ ಹೊರಗಿನವರು ಅಂದರೆ ಅವರೇ. ನಾನು ಇವತ್ತು ಸಮಿತಿಯಲ್ಲಿದ್ದರೆ ಶಿಬಿರದ ಮಾತು ಬಿಟ್ಟು ಮೊದಲು ಇದನ್ನೇ ಕೇಳುತ್ತಿದ್ದೆ.

ಈ ಕೆಲಸದಲ್ಲೇ ಉಳಿದರೆ ಎರಡನೇ ದರ್ಜೆಯ ಕ್ರೈಸ್ತ ಆಗುತ್ತೇನೆ ಅನ್ನುವ ಭಯ ಇದ್ದರೆ ತೆಗೆದುಹಾಕಿ. ಚಪ್ಪಲಿ ಹೊಲಿಯುವವನ ಕಸುಬೂ ಕರೆಯೇ ಅಂದವರು ಲೂಥರ್. ಪೌಲ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಗುಡಾರ ಮಾಡಿಕೊಂಡೇ ಸಾರಿದ. ನಮ್ಮ ನಾಡಿನದೇ ಉದಾಹರಣೆ ಬೇಕಾದರೆ ಜಾರ್ಜ್ ಪ್ಲೆಬ್ಸ್ಟ್ ಇದ್ದಾರೆ. ಯಂತ್ರಗಳ ಕೆಲಸ ಬಲ್ಲ ಮಿಷನರಿ. ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿ ದಂಡೆಯ ಜೇಡಿಮಣ್ಣು ನೋಡಿ, 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಮತ ಬದಲಿಸಿ ಮನೆ, ಕಸುಬು ಕಳೆದುಕೊಂಡವರಿಗೆ ಇಂಥ ಕಾರ್ಖಾನೆಗಳಲ್ಲಿ ಅನ್ನ ಸಿಕ್ಕಿತು. ನಿಘಂಟಿನ ಕಿಟ್ಟೆಲ್ ಕೂಡ 1853ರಲ್ಲಿ ಬಂದದ್ದು ಸುವಾರ್ತೆ ಸಾರಲು. 1894ರಲ್ಲಿ ಅಚ್ಚಾದ ಅವರ ಕನ್ನಡ ನಿಘಂಟು ಇವತ್ತಿಗೂ ನನ್ನ ಮೇಜಿನ ಮೇಲಿದೆ. ಅವರ ಪ್ರಸಂಗಗಳಲ್ಲಿ ಒಂದಾದರೂ ಯಾರಿಗಾದರೂ ನೆನಪಿದೆಯಾ?

ದುಡ್ಡಿನ ಮಾತು. ಅಪ್ಪ ಅಮ್ಮನಿಗೆ ಕೊಡಬೇಕಾದ್ದನ್ನು "ಕೊರ್ಬಾನ್, ಇದು ದೇವರಿಗೆ ಮೀಸಲು" ಅಂತ ಹೇಳಿ ತಪ್ಪಿಸಿಕೊಳ್ಳುವವರನ್ನು ಯೇಸು ಬೈದದ್ದು ಮಾರ್ಕನ ಸುವಾರ್ತೆಯ ಏಳನೇ ಅಧ್ಯಾಯದಲ್ಲಿದೆ. ಆದರೆ ಅದೇ ಯೇಸು, ಮೊದಲು ಅಪ್ಪನನ್ನು ಹೂಳಿ ಬರುತ್ತೇನೆ ಅಂದವನಿಗೆ, ಸತ್ತವರೇ ಸತ್ತವರನ್ನು ಹೂಳಲಿ, ನೀನು ಹೊರಡು ಅಂದದ್ದೂ ಇದೆ. ಇವೆರಡನ್ನೂ ಸಲೀಸಾಗಿ ಒಂದು ಮಾಡಿ ಕೊಡುವ ಬೋಧಕರನ್ನು ನಾನು ನಂಬುವುದಿಲ್ಲ. ನಿಮ್ಮ ಮನೆಯ ಮಟ್ಟಿಗೆ ಹೇಳಬಹುದಾದ್ದು ಇಷ್ಟೆ: ಓದಿನ ನಾಲ್ಕು ವರ್ಷ ನಿಮಗೆ ಸಂಬಳ ಇರುವುದಿಲ್ಲ. ಆಮೇಲೆ ಬರುವುದೂ ಫೈನಾನ್ಸ್ ಕಂಪನಿಯ ಸಂಬಳ ಅಲ್ಲ. ಅಪ್ಪನ ಪಿಂಚಣಿ ಎಷ್ಟು, ಮನೆ ಖರ್ಚು ಎಷ್ಟು, ಎಷ್ಟು ಉಳಿಸಬೇಕು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುತ್ತಾನೆ ಅಂತ ಯೇಸುವೇ ಹೇಳಿದ್ದು. ನೀವಂತೂ ಬಿ.ಕಾಂ.

ದಾರಿ ಹೇಗೆ ಅಂದರೆ, ಸೆಮಿನರಿಗೆ ನೀವೇ ಹೋಗಿ ಸೇರಿಕೊಂಡರೆ ದೀಕ್ಷೆ ಸಿಗುತ್ತದೆ ಅಂತ ಇಲ್ಲ. ಹಾಗೆ ಹೋಗಿ ಪದವಿ ಹಿಡಿದುಕೊಂಡು ಅಲೆಯುವವರಿದ್ದಾರೆ. ಮೊದಲು ನಿಮ್ಮ ಸಭೆಯ ಸಮಿತಿ ಮತ್ತು ಸಭಾಪಾಲಕರ ಶಿಫಾರಸು ಬೇಕು. ಅದು ಧಾರವಾಡದಲ್ಲಿರುವ ನಿಮ್ಮ ಉತ್ತರ ಕರ್ನಾಟಕ ಧರ್ಮಪ್ರಾಂತಕ್ಕೆ ಹೋಗುತ್ತದೆ. ಅಲ್ಲಿ ಸಂದರ್ಶನ ಆಗುತ್ತದೆ. ವಯಸ್ಸು, ಓದಿನ ಷರತ್ತುಗಳನ್ನು ಅಲ್ಲಿನ ಆಫೀಸಲ್ಲೇ ಕೇಳಿ. ಪದವಿ ಮುಗಿಸಿದವರಿಗೆ ಬಿ.ಡಿ. (ದೇವಶಾಸ್ತ್ರದ ಪದವಿ) ನಾಲ್ಕು ವರ್ಷ. ಕನ್ನಡದಲ್ಲಿ ಓದಬೇಕಾದರೆ ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜು ಇದೆ, ಇಂಗ್ಲಿಷಿನಲ್ಲಾದರೆ ಬೆಂಗಳೂರಿನಲ್ಲಿ 1910ರಿಂದ ಇರುವ ಯುನೈಟೆಡ್ ಥಿಯಾಲಜಿಕಲ್ ಕಾಲೇಜು. ಎರಡೂ ಕಡೆ ಪದವಿ ಕೊಡುವುದು ಸೆರಾಂಪುರ ಕಾಲೇಜಿನ ಸೆನೆಟ್. ನನ್ನನ್ನು ಕೇಳಿದರೆ ಹಳ್ಳಿ ಸಭೆಗಳಲ್ಲಿ ದುಡಿಯುವವನು ಕನ್ನಡದಲ್ಲೇ ಓದಲಿ. ಇಂಗ್ಲಿಷಿನಲ್ಲಿ ಕಲಿತ ದೇವಶಾಸ್ತ್ರವನ್ನು ಪ್ರತಿ ಶನಿವಾರ ರಾತ್ರಿ ಕನ್ನಡ ಮಾಡಿಕೊಳ್ಳುವ ಕಷ್ಟ ನಾನು ಪಟ್ಟಿದ್ದೇನೆ. ಓದು ಮುಗಿದ ಮೇಲೂ ಸ್ವಲ್ಪ ಕಾಲ ಸಭೆಯಲ್ಲಿ ದುಡಿಸಿ ನೋಡುತ್ತಾರೆ. ಆಮೇಲೆ ಡೀಕನ್ (ದೀಕ್ಷೆಯ ಮೊದಲ ಮೆಟ್ಟಿಲು), ಆಮೇಲೆ ಪ್ರೆಸ್ಬಿಟರ್ (ಪೂರ್ಣ ಸಭಾಪಾಲಕ).

ಅರ್ಜಿ ಹಾಕುವ ಮುಂಚೆ ಒಂದು ವರ್ಷ ಹೀಗೆ ಮಾಡಿ. ವಾರಕ್ಕೆ ಒಂದು ಸಂಜೆ ಸಭಾಪಾಲಕರ ಬೈಕಿನ ಹಿಂದೆ ಕೂತು ಮನೆ ಭೇಟಿಗೆ ಹೋಗಿ. ಮಾತಾಡಬೇಡಿ, ಸುಮ್ಮನೆ ಕೂರಿ. ಸಮಾಧಿ ಇದ್ದಾಗ ರಜೆ ಹಾಕಿ ಹೋಗಿ, ಗುಂಡಿ ತೋಡುವವರ ಜೊತೆ ನಿಲ್ಲಿ. ವರ್ಷ ಮುಗಿಯುವ ಹೊತ್ತಿಗೆ ಸಭೆಯ ಯಾರಾದರೂ ತಾವಾಗಿ, "ನೀನು ಯಾಕಪ್ಪಾ ಸೇವೆಗೆ ಹೋಗಬಾರದು?" ಅಂತ ಕೇಳುತ್ತಾರಾ ನೋಡಿ. ನಿಮ್ಮ ಅವ್ವನನ್ನು ಬಿಟ್ಟು.

ಕೊನೆಗೆ, ನಿಮ್ಮ ತಂಗಿ. ಅವಳ ಬಗ್ಗೆ ಎರಡು ಮಾತು ಬರೆದಿದ್ದೀರಿ: ಮದುವೆ ಆಗಬೇಕು, ಆರು ವರ್ಷದಿಂದ ಸಂಡೇ ಸ್ಕೂಲ್ ನಡೆಸುತ್ತಿದ್ದಾಳೆ. ಆರು ವರ್ಷ! ಯಾರೂ ಎದ್ದು ನಿಲ್ಲಿ ಅನ್ನಲಿಲ್ಲ, ಯಾರೂ ಹರಕೆ ಹೊರಲಿಲ್ಲ, ಜ್ವರವೂ ಬಂದಿರಲಿಲ್ಲ. ಸಭೆ ಮಕ್ಕಳನ್ನು ಅವಳ ಕೈಗೆ ಕೊಟ್ಟಿದೆ, ಅವರು ಪ್ರತಿ ಭಾನುವಾರ ಬರುತ್ತಿದ್ದಾರೆ. ನಾನು ಇಷ್ಟು ಹೊತ್ತು ಹೇಳಿದ್ದೆಲ್ಲ ಅಲ್ಲಿ ಆಗಲೇ ನಡೆಯುತ್ತಿದೆ ಅಲ್ವಾ? ನಮ್ಮ ಸಿ.ಎಸ್.ಐ.ನಲ್ಲಿ ಹೆಂಗಸರಿಗೂ ಗುರುದೀಕ್ಷೆ ಇದೆ. 2013ರಲ್ಲಿ ಆಂಧ್ರದ ನಂದ್ಯಾಲಕ್ಕೆ ಪುಷ್ಪಲಲಿತ ಅವರು ಬಿಷಪ್ ಆದರು, ನಮ್ಮ ಸಭೆಯ ಮೊದಲ ಮಹಿಳಾ ಬಿಷಪ್. ಹಾಗಂತ ತಂಗಿಯೂ ಸೆಮಿನರಿಗೆ ಹೋಗಲೇಬೇಕು ಅಂತಲ್ಲ. ನಿಮ್ಮ ಮನೆಯಲ್ಲಿ ಗಂಡು ನೋಡುವ ಮುಂಚೆ ಯಾರಾದರೂ ಅವಳನ್ನು ಒಂದು ಮಾತು ಕೇಳಿದ್ದೀರಾ ಅಂತ ಮಾತ್ರ ಕೇಳುತ್ತಿದ್ದೇನೆ.

ಬರುವ ಭಾನುವಾರ ಬೇಗ ಎದ್ದು ಅವಳ ಸಂಡೇ ಸ್ಕೂಲಿಗೆ ಹೋಗಿ. ಹಿಂದಿನ ಚಾಪೆಯ ಮೇಲೆ ಮಕ್ಕಳ ಜೊತೆ ಒಂದು ಗಂಟೆ ಕೂತು ಬನ್ನಿ. ಆಮೇಲೆ ಇಬ್ಬರೂ ಸೇರಿ ನನಗೆ ಇನ್ನೊಂದು ಪತ್ರ ಬರೆಯಿರಿ.